ಬಾಯಿಯೊಳಗಿನ ಮಚ್ಚೆ ಮುಚ್ಚಿಟ್ಟ ಡಾಕ್ಟರ್: ಸಿಗ್ಮಂಡ್ ಫ್ರಾಯ್ಡ್ ಬದುಕು ಮತ್ತು ಆಪರೇಷನ್‌ಗೆ ಮುಂಚಿನ ಮೊದಲ ಭೇಟಿ

ಮನೆಯಲ್ಲಿ ಯಾರಿಗಾದರೂ ಬಾಯಿಯ ಆಪರೇಷನ್ ಆಗಬೇಕು ಎಂದ ಕೂಡಲೇ ಫ್ಯಾಮಿಲಿ ಗ್ರೂಪಿನಲ್ಲಿ ಸಲಹೆಗಳು ಶುರುವಾಗುತ್ತವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದಂತೆ. ಬಯಾಪ್ಸಿ ಮಾಡಿಸಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದಂತೆ. ಕಾಯಿಲೆಯ ಹೆಸರು ರೋಗಿಗೆ ಹೇಳಲೇಬಾರದಂತೆ, ಹೇಳಿದರೆ ಆ ಭಯಕ್ಕೇ ಹೋಗಿಬಿಡುತ್ತಾರಂತೆ.

ಮೊದಲನೆಯದು ಸುಳ್ಳು. ಮೇಲಿನ ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಎರಡನೆಯದಕ್ಕೂ ಆಧಾರವಿಲ್ಲ. ಬಾಯಿಯ ಮಚ್ಚೆಯಿಂದ ಚಿಕ್ಕ ತುಂಡು ತೆಗೆದು ಪರೀಕ್ಷೆ ಮಾಡುವುದರಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. ಇದೆಯೋ ಇಲ್ಲವೋ ಎಂಬುದು ಖಚಿತವಾಗುವುದೇ ಆ ಪರೀಕ್ಷೆಯಿಂದ. ಮೂರನೆಯದನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ತಳ್ಳಿಹಾಕಲು ಆಗುವುದಿಲ್ಲ, ಏಕೆಂದರೆ ಪ್ರೀತಿ ಇರುವ ಕಡೆಯೇ ಈ ತಪ್ಪು ಹೆಚ್ಚು ನಡೆಯುತ್ತದೆ. ಅದಕ್ಕೊಂದು ಬದುಕಿನ ಕಥೆ ಬೇಕು. ಮನುಷ್ಯರು ತಮ್ಮಿಂದ ತಾವೇ ಏನನ್ನು ಮುಚ್ಚಿಡುತ್ತಾರೆ ಎಂದು ಜೀವನವಿಡೀ ಹುಡುಕಿದ, ಆದರೆ ತನ್ನದೇ ಬಾಯಿಯ ಮಚ್ಚೆಯನ್ನು ಎರಡು ತಿಂಗಳು ಯಾರಿಗೂ ಹೇಳದ ಸಿಗ್ಮಂಡ್ ಫ್ರಾಯ್ಡ್ ಅವರ ಕಥೆ ಇದು.

ಯಾರು ಈ ಫ್ರಾಯ್ಡ್?

ಫ್ರಾಯ್ಡ್ ಹುಟ್ಟಿದ್ದು 1856ರ ಮೇ 6ರಂದು, ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಫ್ರೈಬರ್ಗ್ ಎಂಬ ಚಿಕ್ಕ ಊರಿನಲ್ಲಿ. ಇಂದು ಅದು ಚೆಕ್ ಗಣರಾಜ್ಯದಲ್ಲಿದ್ದು, ಪ್ರಿಬೋರ್ ಎಂದು ಕರೆಸಿಕೊಳ್ಳುತ್ತದೆ. ತಂದೆ ಉಣ್ಣೆ ವ್ಯಾಪಾರಿ. ವ್ಯಾಪಾರ ಕೈಹಿಡಿಯದೆ, ಮಗನಿಗೆ ನಾಲ್ಕು ವರ್ಷವಾಗುವಷ್ಟರಲ್ಲಿ ಸಂಸಾರ ವಿಯೆನ್ನಾ ನಗರ ಸೇರಿತು. ಆ ಊರಿನಲ್ಲೇ ಫ್ರಾಯ್ಡ್ ಮುಂದಿನ 78 ವರ್ಷ ಕಳೆದರು.

1873ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಸೇರಿ, 1881ರಲ್ಲಿ ವೈದ್ಯಕೀಯ ಪದವಿ ಪಡೆದರು. ಅವರ ಹೆಸರು ಕೇಳಿದರೆ ನಮಗೆ ಕನಸು, ಸುಪ್ತ ಮನಸ್ಸು, ರೋಗಿ ಮಲಗುವ ಮಂಚ ನೆನಪಾಗುತ್ತವೆ. ಆದರೆ ಶುರುವಿನಲ್ಲಿ ಅವರು ಪ್ರಯೋಗಾಲಯದ ಮನುಷ್ಯ. ಸೂಕ್ಷ್ಮದರ್ಶಕದ ಕೆಳಗೆ ನರಗಳನ್ನು ಇಟ್ಟು ನೋಡುತ್ತಿದ್ದ ಯುವಕ. ಮದುವೆಯಾಗಲು ದುಡ್ಡಿಲ್ಲದೆ ಪ್ರಯೋಗಾಲಯ ಬಿಟ್ಟು ವಿಯೆನ್ನಾದ ಜನರಲ್ ಆಸ್ಪತ್ರೆಗೆ ಕೆಲಸಕ್ಕೆ ಸೇರಿಕೊಂಡರು. ಬಹಳ ವರ್ಷಗಳ ನಂತರ ಅದೇ ಆಸ್ಪತ್ರೆಯಲ್ಲಿ ಅವರ ಜೀವಕ್ಕೆ ಕುತ್ತು ಬಂತು. ಆ ಕಥೆ ಆಮೇಲೆ.

ಹಲ್ಲಿನ ಡಾಕ್ಟರ ಇಂಜೆಕ್ಷನ್‌ಗೂ ಇವರಿಗೂ ಏನು ಸಂಬಂಧ?

1884ರಲ್ಲಿ ಫ್ರಾಯ್ಡ್ ಕೊಕೇನ್ ಎಂಬ ಆಗಿನ ಹೊಸ ವಸ್ತುವಿನ ಬಗ್ಗೆ ಒಂದು ಲೇಖನ ಬರೆದರು. ದಣಿವು, ಬೇಸರ, ಹೊಟ್ಟೆಯ ತೊಂದರೆ ಎಲ್ಲಕ್ಕೂ ಅದು ಒಳ್ಳೆಯ ಔಷಧಿ ಎಂದು ಅವರು ನಂಬಿದ್ದರು. ಅದು ಚರ್ಮವನ್ನು, ಬಾಯಿಯ ಒಳಪದರವನ್ನು ಮರಗಟ್ಟಿಸುತ್ತದೆ ಎಂಬುದನ್ನೂ ಆ ಲೇಖನದಲ್ಲಿ ಗುರುತಿಸಿದ್ದರು. ಆದರೆ ಆ ಎಳೆಯನ್ನು ಹಿಡಿದು ಮುಂದೆ ಹೋಗಲಿಲ್ಲ. ದೂರದ ಊರಿನಲ್ಲಿದ್ದ ತಮ್ಮ ಹುಡುಗಿ ಮಾರ್ಥಾಳನ್ನು ನೋಡಲು ಹೊರಟುಬಿಟ್ಟರು. ಅವರು ಊರಲ್ಲಿಲ್ಲದಾಗ ಅವರ ಸಹೋದ್ಯೋಗಿ, ಕಣ್ಣಿನ ಡಾಕ್ಟರ್ ಕಾರ್ಲ್ ಕೊಲ್ಲರ್, ಕೊಕೇನ್ ಹನಿ ಹಾಕಿದರೆ ಕಣ್ಣಿನ ಆಪರೇಷನ್ ನೋವಿಲ್ಲದೆ ಮಾಡಬಹುದು ಎಂದು ತೋರಿಸಿದರು. ಕೆಲವೇ ತಿಂಗಳಲ್ಲಿ ಅಮೆರಿಕದ ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ದವಡೆಯ ನರದ ಬಳಿ ಕೊಕೇನ್ ಚುಚ್ಚಿ ಆ ಭಾಗವನ್ನು ಮರಗಟ್ಟಿಸಿದರು. ಇಂದು ಹಲ್ಲು ಕೀಳುವ ಮುಂಚೆ ಕೊಡುವ ಇಂಜೆಕ್ಷನ್ನಿನ ಮೂಲ ಅಲ್ಲಿದೆ.

ಹಾಗೆಂದು ಹೆದರಬೇಡಿ. ಈಗ ಬಳಸುವುದು ಕೊಕೇನ್ ಅಲ್ಲ. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಲಿಡೊಕೇನ್ ಮತ್ತು ಅದರ ಜಾತಿಯ ಔಷಧಿಗಳು. ಹೆಸರಿನ ಬಾಲ ಒಂದೇ ರೀತಿ ಇದ್ದರೂ ಇವುಗಳಿಗೆ ಚಟ ಅಂಟುವುದಿಲ್ಲ.

ಕೊಕೇನ್ ವಿಷಯದಲ್ಲಿ ಫ್ರಾಯ್ಡ್ ಅವರ ಉತ್ಸಾಹಕ್ಕೆ ಬೆಲೆ ತೆತ್ತವರು ಇನ್ನೊಬ್ಬರು. ಮಾರ್ಫಿನ್ ಚಟಕ್ಕೆ ಬಿದ್ದಿದ್ದ ಆಪ್ತ ಗೆಳೆಯ, ವಿಜ್ಞಾನಿ ಫ್ಲೈಶ್ಲ್ ಅವರಿಗೆ ಕೊಕೇನ್ ತೆಗೆದುಕೊಳ್ಳುವಂತೆ ಫ್ರಾಯ್ಡ್ ಸಲಹೆ ಕೊಟ್ಟರು. ಆ ಗೆಳೆಯ ಎರಡು ಚಟಗಳ ಕೈಗೆ ಸಿಕ್ಕಿ ನರಳಿದರು. ಪೂರ್ತಿ ಪರೀಕ್ಷೆಯಾಗದ ಔಷಧಿಯನ್ನು ಒಳ್ಳೆಯ ಮನಸ್ಸಿನಿಂದಲೇ ಹಂಚಿದರೂ ಏನಾಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ದಿನಕ್ಕೆ ಇಪ್ಪತ್ತು ಸಿಗಾರ್

1886ರಲ್ಲಿ ಮಾರ್ಥಾ ಜೊತೆ ಮದುವೆಯಾಯಿತು. ಆರು ಮಕ್ಕಳು. 1891ರಿಂದ ವಿಯೆನ್ನಾದ ಬೆರ್ಗ್‌ಗಾಸೆ ಬೀದಿಯ 19ನೇ ನಂಬರಿನ ಮನೆಯೇ ಅವರ ಮನೆ, ಅದೇ ಕ್ಲಿನಿಕ್. ರೋಗಿಗಳ ಮಾತನ್ನು ತಾಳ್ಮೆಯಿಂದ ಕೇಳುತ್ತಾ ಕೇಳುತ್ತಾ ಮನೋವಿಶ್ಲೇಷಣೆ ಎಂಬ ಹೊಸ ದಾರಿಯನ್ನು ಅಲ್ಲಿಯೇ ಕಟ್ಟಿದರು. ಕನಸುಗಳ ಅರ್ಥದ ಬಗೆಗಿನ ಅವರ ಹೆಸರಾಂತ ಪುಸ್ತಕ 1899ರ ಕೊನೆಯಲ್ಲಿ ಹೊರಬಂತು. ಅವರ ಹಲವು ಸಿದ್ಧಾಂತಗಳನ್ನು ಇಂದಿನ ಮನಶ್ಶಾಸ್ತ್ರ ಒಪ್ಪುವುದಿಲ್ಲ. ಆದರೆ ರೋಗಿಯನ್ನು ಕೂರಿಸಿ, ಅವಸರ ಮಾಡದೆ, ಅವರು ಹೇಳುವುದನ್ನೆಲ್ಲ ಕೇಳುವುದೂ ಚಿಕಿತ್ಸೆಯೇ ಎಂಬ ತಿಳಿವಳಿಕೆ ಜಗತ್ತಿನಲ್ಲಿ ಹರಡುವುದಕ್ಕೆ ಅವರು ದೊಡ್ಡ ಕಾರಣ.

ಕೇಳುವಾಗಲೂ ಬರೆಯುವಾಗಲೂ ಅವರ ಕೈಯಲ್ಲಿ ಸಿಗಾರ್ ಇರುತ್ತಿತ್ತು. 24ನೇ ವಯಸ್ಸಿನಲ್ಲಿ ಶುರುವಾದ ಹೊಗೆ ಮುಂದೆ ದಿನಕ್ಕೆ ಇಪ್ಪತ್ತು ಸಿಗಾರ್‌ಗಳವರೆಗೆ ಹೋಯಿತು. 1894ರಲ್ಲಿ ಎದೆಬಡಿತ ತಪ್ಪಿದಾಗ ಡಾಕ್ಟರ್ ಗೆಳೆಯ ಫ್ಲೀಸ್ ಅವರು ಸಿಗಾರ್ ಬಿಡಲೇಬೇಕು ಎಂದರು. ಫ್ರಾಯ್ಡ್ ಬಿಟ್ಟರು, ಮತ್ತೆ ಹಿಡಿದರು. ಸಿಗಾರ್ ಇಲ್ಲದೆ ಬರೆಯಲು ಆಗುವುದಿಲ್ಲ ಎಂಬುದು ಅವರ ನಂಬಿಕೆ. ತಲೆ ಓಡಬೇಕಾದರೆ ಒಂದು ಎಲೆ ಅಡಿಕೆ ಬೇಕು, ಒಂದು ಬೀಡಿ ಬೇಕು ಎನ್ನುವ ನಮ್ಮ ಹಿರಿಯರ ಮಾತೂ ಇದಕ್ಕಿಂತ ಬೇರೆಯಲ್ಲ.

1923: ತಪ್ಪಿದ ಮೊದಲ ಭೇಟಿ

1923ರ ಫೆಬ್ರವರಿ. ಫ್ರಾಯ್ಡ್ ಅವರಿಗೆ 66 ವರ್ಷ. ಬಾಯಿಯ ಬಲಭಾಗದಲ್ಲಿ, ದವಡೆ ಮತ್ತು ಅಂಗುಳ ಸೇರುವ ಕಡೆ, ಬಿಳಿ ಮಚ್ಚೆಯಂಥ ಒಂದು ಬೆಳವಣಿಗೆ ಕಂಡಿತು. ವೈದ್ಯರಾಗಿದ್ದ ಅವರಿಗೆ ಅದು ಏನಿರಬಹುದು ಎಂಬ ಅಂದಾಜು ಇದ್ದೇ ಇತ್ತು. ಆದರೂ ಹೆಂಡತಿಗೆ ಹೇಳಲಿಲ್ಲ, ಮಗಳಿಗೆ ಹೇಳಲಿಲ್ಲ, ಎರಡು ತಿಂಗಳು ಯಾವ ಡಾಕ್ಟರಿಗೂ ತೋರಿಸಲಿಲ್ಲ. ಒಂದು ದೊಡ್ಡ ಕಾರಣ ಸಿಗಾರ್. ತೋರಿಸಿದರೆ ಬಿಡು ಎನ್ನುತ್ತಾರೆ ಎಂಬ ಅಂಜಿಕೆ.

ಏಪ್ರಿಲ್‌ನಲ್ಲಿ ಕೊನೆಗೆ ಇಬ್ಬರಿಗೆ ತೋರಿಸಿದರು. ಒಬ್ಬರು ಚರ್ಮದ ಡಾಕ್ಟರ್ ಮ್ಯಾಕ್ಸಿಂ ಸ್ಟೈನರ್. ಇನ್ನೊಬ್ಬರು ಅವರ ಆಪ್ತ ವೈದ್ಯ ಫೆಲಿಕ್ಸ್ ಡಾಯ್ಚ್. ಡಾಯ್ಚ್ ನೋಡಿದ ಕೂಡಲೇ ಅದು ಕ್ಯಾನ್ಸರ್ ಎಂದು ಗುರುತಿಸಿದರು. ಆದರೆ ಫ್ರಾಯ್ಡ್ ಆ ಸುದ್ದಿಯನ್ನು ತಡೆದುಕೊಳ್ಳಲಾರರು ಎಂಬ ಭಯಕ್ಕೆ, ಇದು ಹೊಗೆಯಿಂದ ಬರುವ ಬಿಳಿ ಮಚ್ಚೆ ಅಷ್ಟೇ, ತೆಗೆಸಿಬಿಡುವುದು ಒಳ್ಳೆಯದು ಎಂದುಬಿಟ್ಟರು.

ಫ್ರಾಯ್ಡ್ ತಮಗೆ ಪರಿಚಯವಿದ್ದ ಮೂಗು ಗಂಟಲಿನ ತಜ್ಞ ಮಾರ್ಕಸ್ ಹಾಯೆಕ್ ಅವರ ಬಳಿ ಹೋದರು. ಏಪ್ರಿಲ್ ಮೂರನೇ ವಾರದಲ್ಲಿ, ಹಿಂದೆ ತಾವೇ ಕೆಲಸ ಮಾಡಿದ್ದ ಜನರಲ್ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಆಪರೇಷನ್. ಚಿಕ್ಕ ಕೆಲಸ, ಸಂಜೆಯೊಳಗೆ ಮನೆ ಎಂದು ಲೆಕ್ಕ ಹಾಕಿ, ಮನೆಯಲ್ಲಿ ಒಂದು ಮಾತೂ ಹೇಳದೆ ಹೊರಟರು.

ಆಪರೇಷನ್ ನಡುವೆ ರಕ್ತ ವಿಪರೀತ ಹರಿಯಿತು. ರಾತ್ರಿ ಉಳಿಯಲು ಬೇಕಾದ ವಸ್ತುಗಳನ್ನು ತನ್ನಿ ಎಂದು ಆಸ್ಪತ್ರೆಯಿಂದ ಮನೆಗೆ ಹೇಳಿಕಳಿಸಿದಾಗಲೇ ಮಾರ್ಥಾ ಮತ್ತು ಮಗಳು ಅನ್ನಾಗೆ ವಿಷಯ ಗೊತ್ತಾದದ್ದು. ಓಡಿಬಂದಾಗ ಫ್ರಾಯ್ಡ್ ಅಡುಗೆಮನೆಯ ಕುರ್ಚಿಯೊಂದರ ಮೇಲೆ, ಬಟ್ಟೆಯೆಲ್ಲ ರಕ್ತವಾಗಿ ಕೂತಿದ್ದರು. ಸರಿಯಾದ ಕೋಣೆಯೂ ಇರಲಿಲ್ಲ. ಕುಬ್ಜ ದೇಹದ ಇನ್ನೊಬ್ಬ ರೋಗಿಯಿದ್ದ ಪುಟ್ಟ ಕೋಣೆಯಲ್ಲಿ ಒಂದು ಹಾಸಿಗೆ ಹಾಕಿಕೊಟ್ಟರು.

ಊಟದ ಹೊತ್ತಿಗೆ ಮನೆಯವರನ್ನು ನರ್ಸ್ ಕಳಿಸಿಬಿಟ್ಟರು. ಅವರು ಹೋದ ಮೇಲೆ ಮತ್ತೆ ರಕ್ತ ಉಕ್ಕಿತು. ಫ್ರಾಯ್ಡ್ ಕರೆಗಂಟೆ ಒತ್ತಿದರು. ಅದು ಕೆಟ್ಟಿತ್ತು. ಬಾಯಿ ತುಂಬ ರಕ್ತ, ಕೂಗಲೂ ಆಗದು. ಆಗ ಪಕ್ಕದ ಹಾಸಿಗೆಯ ಆ ರೋಗಿ ಎದ್ದು ಓಡಿ ಜನರನ್ನು ಕರೆತಂದ. ಜಗತ್ತೇ ಬಲ್ಲ ಒಬ್ಬ ವೈದ್ಯರ ಜೀವ ಅಂದು ಉಳಿದದ್ದು ಹೆಸರೂ ದಾಖಲಾಗದ ಒಬ್ಬ ರೋಗಿಯಿಂದ. ರಾತ್ರಿಯಿಡೀ ಅನ್ನಾ ಅಪ್ಪನ ಪಕ್ಕ ಬಿಟ್ಟು ಏಳಲಿಲ್ಲ. ಮರುದಿನ ಹಾಯೆಕ್ ತಮ್ಮ ವಿದ್ಯಾರ್ಥಿಗಳಿಗೆ ಈ ಕೇಸ್ ತೋರಿಸಿ, ಫ್ರಾಯ್ಡ್ ಅವರನ್ನು ಮನೆಗೆ ಕಳಿಸಿದರು.

ಈ ಭೇಟಿಯಲ್ಲಿ ಏನೇನು ತಪ್ಪಿತು?

ಒಂದೊಂದಾಗಿ ಎಣಿಸಿ ನೋಡಿ. ಎರಡು ತಿಂಗಳು ತಡ. ಮನೆಯವರಿಗೆ ಗೊತ್ತಿಲ್ಲ. ಜೊತೆಯಲ್ಲಿ ನಿಲ್ಲಲು ಮನೆಯವರಿಲ್ಲ. ಬಾಯಿ ಮತ್ತು ದವಡೆಯ ಸರ್ಜನ್ ಬದಲು ಪರಿಚಯದವರ ಆಯ್ಕೆ. ಇದು ಏನು ಕಾಯಿಲೆ, ರಕ್ತ ಹೆಚ್ಚು ಹೋದರೆ ಏನು ವ್ಯವಸ್ಥೆ ಎಂಬ ಪ್ರಶ್ನೆಗಳಿಗೆ ನೇರ ಉತ್ತರ ಸಿಕ್ಕಿರಲಿಲ್ಲ. ಡಾಕ್ಟರ್ ಸತ್ಯ ಹೇಳಲಿಲ್ಲ, ರೋಗಿಯೂ ಒತ್ತಿ ಕೇಳಲಿಲ್ಲ.

ಇವುಗಳಲ್ಲಿ ಮೊದಲನೆಯದನ್ನು ನಾವು ಇಂದೇ ಸರಿಮಾಡಿಕೊಳ್ಳಬಹುದು. ಬಾಯಿಯಲ್ಲಿ ಎರಡು ವಾರ ಕಳೆದರೂ ವಾಸಿಯಾಗದ ಹುಣ್ಣು, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಕೆನ್ನೆ ಅಥವಾ ಕುತ್ತಿಗೆಯಲ್ಲಿ ಗಂಟು, ಬಾಯಿ ಮೊದಲಿನಷ್ಟು ಅಗಲ ತೆರೆಯದಿರುವುದು, ಕಾರಣವಿಲ್ಲದೆ ಹಲ್ಲು ಅಲುಗಾಡುವುದು, ನುಂಗಲು ಕಷ್ಟ: ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಿ. ಎಲ್ಲವೂ ಕ್ಯಾನ್ಸರ್ ಅಲ್ಲ. ನೋವಿಲ್ಲ ಎಂದು ಸುಮ್ಮನಿರಬೇಡಿ, ಶುರುವಿನಲ್ಲಿ ನೋವು ಇರದಿರುವುದೇ ಹೆಚ್ಚು.

ಫ್ರಾಯ್ಡ್ ಅವರಿಗೆ ಸಿಗಾರ್ ಇದ್ದಂತೆ ನಮ್ಮಲ್ಲಿ ಬೀಡಿ, ಸಿಗರೇಟು, ಗುಟ್ಕಾ, ಹೊಗೆಸೊಪ್ಪು ಇವೆ. ಬಾಯಿಯ ಕ್ಯಾನ್ಸರ್ ಭಾರತದಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಒಂದು. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮುಂದಿರುವ ಕರ್ನಾಟಕದಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಜೊತೆಗೆ ಅಡಿಕೆ ಜಗಿಯುವುದನ್ನೂ ಕ್ಯಾನ್ಸರ್ ತರುವವುಗಳ ಪಟ್ಟಿಯಲ್ಲಿ ಇಟ್ಟಿದೆ.

ಎಲ್ಲರೂ ಮುಚ್ಚಿಟ್ಟ ಬೇಸಿಗೆ

ತೆಗೆದ ತುಂಡನ್ನು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ಖಚಿತವಾಯಿತು. ಆ ವರದಿ ಫ್ರಾಯ್ಡ್ ಕೈಗೆ ಬರಲಿಲ್ಲ. ಎಕ್ಸ್-ರೇ ಮತ್ತು ರೇಡಿಯಂ ಚಿಕಿತ್ಸೆ ಕೊಟ್ಟರು, ಏಕೆ ಎಂದು ಬಿಡಿಸಿ ಹೇಳಲಿಲ್ಲ. ಗಾಯ ಮಾಯುವಾಗ ಚರ್ಮ ಸೆಳೆದುಕೊಳ್ಳದಂತೆ ಎಚ್ಚರಿಕೆ ವಹಿಸಿರಲಿಲ್ಲವಾದ್ದರಿಂದ ಬಾಯಿ ತೆರೆಯುವುದೂ ಕಷ್ಟವಾಯಿತು.

ಅದೇ ದಿನಗಳಲ್ಲಿ ನಾಲ್ಕೂವರೆ ವರ್ಷದ ಮೊಮ್ಮಗ ಹೈನೆಲೆಗೂ ಟಾನ್ಸಿಲ್ ಆಪರೇಷನ್ ಆಗಿತ್ತು. ಇವನು ಮೂರು ವರ್ಷದ ಹಿಂದೆ ತೀರಿಹೋದ ಮಗಳು ಸೋಫಿಯ ಕೂಸು. ತಾನು ಆಗಲೇ ಬ್ರೆಡ್ಡಿನ ಗಟ್ಟಿ ಅಂಚು ತಿನ್ನುತ್ತಿದ್ದೇನೆ, ತಾತನಿಗೂ ತಿನ್ನಲು ಆಗುತ್ತಿದೆಯೇ ಎಂದು ಅವನು ವಿಚಾರಿಸಿದ್ದ. ಜೂನ್ 19ರಂದು ಆ ಮಗು ಕ್ಷಯರೋಗದಿಂದ ತೀರಿಕೊಂಡಿತು. ಫ್ರಾಯ್ಡ್ ಅತ್ತದ್ದನ್ನು ಹತ್ತಿರದವರು ಕಂಡರು. ಆ ದುಃಖದಿಂದ ಅವರು ಪೂರ್ತಿಯಾಗಿ ಹೊರಬರಲೇ ಇಲ್ಲ.

ಈ ದುಃಖದ ನಡುವೆ ಸತ್ಯ ಹೇಳುವುದು ಹೇಗೆ ಎಂದು ಸುತ್ತಲಿನವರು ಇನ್ನಷ್ಟು ಹಿಂಜರಿದರು. ಬೇಸಿಗೆಯ ಕೊನೆಯ ಹೊತ್ತಿಗೆ ಡಾಯ್ಚ್ ಅವರಿಗೂ, ಆಪ್ತ ಶಿಷ್ಯರಿಗೂ ವಿಷಯ ಗೊತ್ತಿತ್ತು. ಗೊತ್ತಿಲ್ಲದವರು ರೋಗಿ ಒಬ್ಬರೇ. ಸೆಪ್ಟೆಂಬರ್‌ನಲ್ಲಿ ಅನ್ನಾ ಜೊತೆ ರೋಮ್ ನೋಡಲು ಹೊರಟ ಫ್ರಾಯ್ಡ್, ರೈಲಿನಲ್ಲಿ ಬೆಳಗಿನ ತಿಂಡಿ ತಿನ್ನುವಾಗ ಬ್ರೆಡ್ಡಿನ ಗಟ್ಟಿ ಅಂಚು ತಗುಲಿ ಬಾಯಿಂದ ರಕ್ತ ಚಿಮ್ಮಿತು. ಆ ಕ್ಷಣ ಅಪ್ಪ ಮಗಳು ಇಬ್ಬರಿಗೂ ಅರ್ಥವಾಗಿತ್ತು.

ಮುಂದೆ ಪೂರ್ತಿ ಸಂಗತಿ ತಿಳಿದಾಗ ಫ್ರಾಯ್ಡ್ ಅವರಿಗೆ ಕಾಯಿಲೆಗಿಂತ ಹೆಚ್ಚು ಸಿಟ್ಟು ಬಂದದ್ದು, ತನ್ನ ದೇಹದ ವಿಷಯವನ್ನು ತನ್ನ ಬೆನ್ನ ಹಿಂದೆ ಇತರರು ತೀರ್ಮಾನಿಸಿದರು ಎಂಬುದಕ್ಕೆ. ಡಾಯ್ಚ್ ಜೊತೆ ಸ್ನೇಹ ಮುಂದೆ ಸರಿಹೋಯಿತು. ಆದರೆ ಅವರನ್ನು ಮತ್ತೆ ತಮ್ಮ ವೈದ್ಯರನ್ನಾಗಿ ಇಟ್ಟುಕೊಳ್ಳಲಿಲ್ಲ.

ನಮ್ಮ ಮನೆಗಳಲ್ಲೂ ಹೀಗೆಯೇ. ರಿಪೋರ್ಟು ಬೀರುವಿನ ಸೀರೆಗಳ ಅಡಿಗೆ ಹೋಗುತ್ತದೆ. ಅಪ್ಪನಿಗೆ ಬರೀ ಗಾಯ ಎಂದು ಹೇಳಿರುತ್ತೇವೆ. ಅಪ್ಪ, ಬರೀ ಗಾಯ ತಾನೇ ಎಂದು ಗುಟ್ಕಾ ಬಿಡುವುದಿಲ್ಲ, ಮುಂದಿನ ತಪಾಸಣೆಗೆ ಹೋಗುವುದಿಲ್ಲ. ಸುಳ್ಳು ಭಯವನ್ನು ಕಡಿಮೆ ಮಾಡುವುದಿಲ್ಲ, ಚಿಕಿತ್ಸೆಯನ್ನು ತಡ ಮಾಡುತ್ತದೆ.

ಎರಡನೇ ಸಲದ ಮೊದಲ ಭೇಟಿ

ಸೆಪ್ಟೆಂಬರ್ 26ರಂದು ಫ್ರಾಯ್ಡ್ ಹೊಸ ಡಾಕ್ಟರ ಎದುರು ಕೂತರು. ಅವರು ಹಾನ್ಸ್ ಪಿಕ್ಲರ್. ದಂತವೈದ್ಯವನ್ನೂ ಶಸ್ತ್ರಚಿಕಿತ್ಸೆಯನ್ನೂ ಕಲಿತವರು, ಮೊದಲ ಮಹಾಯುದ್ಧದಲ್ಲಿ ಮುಖ, ದವಡೆ ಛಿದ್ರವಾದ ಸೈನಿಕರಿಗೆ ಚಿಕಿತ್ಸೆ ಕೊಟ್ಟವರು. ಪಿಕ್ಲರ್ ಬಾಯಿಯನ್ನು ಪೂರ್ತಿ ಪರೀಕ್ಷಿಸಿ, ದೊಡ್ಡ ಆಪರೇಷನ್ನೇ ಬೇಕು ಎಂದರು. ಆದರೆ ಮರುದಿನವೇ ಕತ್ತಿ ಹಿಡಿಯಲಿಲ್ಲ. ಒಂದು ವಾರಕ್ಕೂ ಹೆಚ್ಚು ಕಾಲ ಸಿದ್ಧತೆ ನಡೆಯಿತು. ತೆಗೆಯಬೇಕಾದ ಭಾಗ ತೆಗೆದ ಮೇಲೆ ಬಾಯಿಗೂ ಮೂಗಿಗೂ ನಡುವೆ ಉಳಿಯುವ ತೂತನ್ನು ಮುಚ್ಚಲು ಕೃತಕ ಅಂಗುಳ ಬೇಕಿತ್ತು. ಅದಕ್ಕೂ ಮುಂಚಿತವಾಗಿ ಯೋಚಿಸಿದರು. ಇಡೀ ಆಪರೇಷನ್ ಹೇಗೆ ಮಾಡಬೇಕೆಂದು ಒಂದು ಶವದ ಮೇಲೆ ಮಾಡಿ ನೋಡಿಕೊಂಡರು.

ಅಕ್ಟೋಬರ್ 4ರಂದು ಮೊದಲ ಹಂತ. ಹಿಂದಿನ ಸಲ ರಕ್ತ ಹರಿದದ್ದೇ ಅಪಾಯವಾಗಿತ್ತಲ್ಲ? ಹಾಗಾಗಿ ಈ ಸಲ ಮುಖಕ್ಕೆ ರಕ್ತ ಒಯ್ಯುವ ಕುತ್ತಿಗೆಯ ರಕ್ತನಾಳವನ್ನು ಮೊದಲೇ ಕಟ್ಟಿ, ದವಡೆಯ ಕೆಳಗಿನ ಗ್ರಂಥಿಗಳನ್ನು ತೆಗೆದರು. ಒಂದು ವಾರ ಬಿಟ್ಟು ಎರಡನೇ ಹಂತ. ಬಲಗಡೆಯ ಮೇಲ್ದವಡೆ ಮತ್ತು ಅಂಗುಳದ ದೊಡ್ಡ ಭಾಗವನ್ನು ತೆಗೆದರು. ಇಷ್ಟು ದೊಡ್ಡ ಕೆಲಸ ನಡೆದದ್ದು ಆ ಭಾಗವನ್ನು ಮರಗಟ್ಟಿಸುವ ಅರಿವಳಿಕೆಯಲ್ಲಿ. ಸುಮಾರು 40 ವರ್ಷದ ಹಿಂದೆ ತಾವು ಅರ್ಧಕ್ಕೆ ಬಿಟ್ಟ ಎಳೆಯೇ ಈಗ ಅವರ ಸಹಾಯಕ್ಕೆ ಬಂತು. ಕೆಲವು ದಿನ ಮಾತು ಹೊರಡಲಿಲ್ಲ, ಮೂಗಿನ ನಳಿಕೆಯಿಂದ ಆಹಾರ. ತಿಂಗಳ ಕೊನೆಗೆ ಮನೆಗೆ ಬಂದರು.

ನವೆಂಬರ್‌ನಲ್ಲಿ ಪಿಕ್ಲರ್ ಮತ್ತೊಂದು ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಇನ್ನೂ ಕ್ಯಾನ್ಸರ್ ಉಳಿದಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ. ಫ್ರಾಯ್ಡ್ ಅವರಿಗೆ ನೇರವಾಗಿ ಹೇಳಿದರು. ಫ್ರಾಯ್ಡ್ ಎದೆಗುಂದಿ ಬೀಳಲಿಲ್ಲ, ಒಪ್ಪಿಕೊಂಡರು, ಕೂಡಲೇ ಮತ್ತೊಂದು ಆಪರೇಷನ್ ಆಯಿತು. ಯಾರು ಸತ್ಯ ತಡೆದುಕೊಳ್ಳಲಾರರು ಎಂದು ಏಪ್ರಿಲ್‌ನಲ್ಲಿ ಎಲ್ಲರೂ ಹೆದರಿದ್ದರೋ, ಅದೇ ಮನುಷ್ಯ ಇವರು.

ಆ ಆಪರೇಷನ್ ನಂತರ ಸುಮಾರು 13 ವರ್ಷ, ಅಂದರೆ 1936ರವರೆಗೆ, ಕ್ಯಾನ್ಸರ್ ಮತ್ತೆ ಕಾಣಿಸಲಿಲ್ಲ.

ನೀವು ಹೋಗುವಾಗ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಬುದ್ಧಿಹಲ್ಲು ತೆಗೆಸುವುದಿರಲಿ, ದವಡೆಯ ಗಂಟು ತೆಗೆಸುವುದಿರಲಿ, ಬಯಾಪ್ಸಿಯೇ ಇರಲಿ, ಓರಲ್ ಸರ್ಜನ್ ಜೊತೆಗಿನ ಮೊದಲ ಭೇಟಿಗೆ ಈ ಸಿದ್ಧತೆ ಸಾಕು. ಈ ಭಾಗವನ್ನು ಬೇಕಾದರೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

1. ಮಾತ್ರೆಗಳು: ಹೆಸರು ನೆನಪಿಟ್ಟುಕೊಳ್ಳುವ ಕಷ್ಟ ಬೇಡ, ಮಾತ್ರೆಯ ಪಟ್ಟಿಗಳನ್ನೇ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಬಿಪಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮಾತ್ರೆಗಳ ಜೊತೆ ಆಯುರ್ವೇದ, ನಾಟಿ ಔಷಧಿಯನ್ನೂ ತೋರಿಸಿ. ಮೂಳೆ ಸವೆತಕ್ಕೆ ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಅಂಥ ಕೆಲವು ಔಷಧಿಗಳಿಂದ ದವಡೆಯ ಗಾಯ ಮಾಯುವುದು ಕಷ್ಟವಾಗಬಹುದು.

2. ರಕ್ತ ತೆಳುಮಾಡುವ ಮಾತ್ರೆ: ಹೃದಯಕ್ಕೆ, ಪಾರ್ಶ್ವವಾಯುವಿಗೆ ಕೊಟ್ಟ ಈ ಮಾತ್ರೆಗಳನ್ನು ಯಾರದೋ ಮೆಸೇಜ್ ನೋಡಿ ನೀವೇ ನಿಲ್ಲಿಸಬೇಡಿ. ನಿಲ್ಲಿಸಬೇಕೋ ಬೇಡವೋ ಎಂದು ಸರ್ಜನ್ ಮತ್ತು ಆ ಮಾತ್ರೆ ಬರೆದ ಡಾಕ್ಟರ್ ಸೇರಿ ಹೇಳಲಿ.

3. ಹಳೆಯ ಸಂಗತಿಗಳು: ಹಿಂದೆ ಹಲ್ಲು ಕೀಳಿಸಿದಾಗ ರಕ್ತ ನಿಲ್ಲದೆ ತೊಂದರೆಯಾಗಿತ್ತೇ? ಯಾವ ಔಷಧಿಗಾದರೂ ಅಲರ್ಜಿ ಇದೆಯೇ? ಹೃದಯದ ವಾಲ್ವ್ ಆಪರೇಷನ್, ಪೇಸ್‌ಮೇಕರ್, ಅಸ್ತಮಾ, ಫಿಟ್ಸ್ ಇದೆಯೇ? ಗರ್ಭಿಣಿಯೇ? ಕೇಳದಿದ್ದರೂ ಹೇಳಿ.

4. ಚಟದ ಲೆಕ್ಕ: ದಿನಕ್ಕೆ ಎಷ್ಟು ಬೀಡಿ, ಎಷ್ಟು ಪ್ಯಾಕೆಟ್, ಎಷ್ಟು ಪೆಗ್, ಎಷ್ಟು ವರ್ಷದಿಂದ ಎಂಬುದನ್ನು ಇದ್ದ ಹಾಗೆ ಹೇಳಿ. ಡಾಕ್ಟರ್ ಕೇಳುವುದು ಬೈಯಲು ಅಲ್ಲ. ಅರಿವಳಿಕೆಯೂ ಗಾಯ ಮಾಯುವುದೂ ಅದನ್ನು ಅವಲಂಬಿಸಿವೆ.

5. ಕಾಗದಗಳು: ಹಳೆಯ ಎಕ್ಸ್-ರೇ, ರಕ್ತ ಪರೀಕ್ಷೆ, ಡಿಸ್ಚಾರ್ಜ್ ಸಮ್ಮರಿ, ಆರೋಗ್ಯ ವಿಮೆ ಅಥವಾ ಸರ್ಕಾರಿ ಯೋಜನೆಯ ಕಾರ್ಡ್.

6. ಒಬ್ಬರು ಜೊತೆಗಾರರು: ಗಾಬರಿಯಲ್ಲಿ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ. ಇನ್ನೊಬ್ಬರು ಕೇಳಿಸಿಕೊಂಡು ಬರೆದುಕೊಳ್ಳಲಿ. ಆದರೆ ರೋಗಿಯ ಪರವಾಗಿ ಅವರೇ ಮಾತಾಡುವುದು ಬೇಡ.

7. ಬರೆದಿಟ್ಟ ಪ್ರಶ್ನೆಗಳು: ನನಗಿರುವುದು ಏನು? ಈಗ ಆಪರೇಷನ್ ಮಾಡಿಸದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೇ? ಬರೀ ಆ ಭಾಗ ಮರಗಟ್ಟಿಸುತ್ತೀರೋ, ಪೂರ್ತಿ ಪ್ರಜ್ಞೆ ತಪ್ಪಿಸುತ್ತೀರೋ? ತಿಂಡಿ ತಿಂದು ಬರಬೇಕೋ, ಖಾಲಿ ಹೊಟ್ಟೆಯಲ್ಲೋ? ತುಟಿ, ನಾಲಿಗೆ ಮರಗಟ್ಟಿಯೇ ಉಳಿಯುವ ಸಾಧ್ಯತೆ ಇದೆಯೇ? ಆಪರೇಷನ್ ಮಾಡುವವರು ಯಾರು? ರಾತ್ರಿ ರಕ್ತ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಎಷ್ಟು ಖರ್ಚು, ಎಷ್ಟು ದಿನ ಕೆಲಸಕ್ಕೆ ರಜೆ? ತೆಗೆದ ತುಂಡು ಪರೀಕ್ಷೆಗೆ ಹೋಗುತ್ತದೆಯೇ, ವರದಿ ಯಾವಾಗ ನನ್ನ ಕೈಗೆ ಬರುತ್ತದೆ?

ಉತ್ತರ ಅರ್ಥವಾಗದಿದ್ದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ ಎಂದು ಕೇಳಲು ಸಂಕೋಚ ಬೇಡ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವುದು ಆಮೇಲೆ. ಜೀವಕ್ಕೆ ತುರ್ತಿಲ್ಲದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದೂ ತಪ್ಪಲ್ಲ. ಆದರೆ ಅಭಿಪ್ರಾಯ ಕೇಳುತ್ತಲೇ ತಿಂಗಳು ಕಳೆಯಬೇಡಿ.

ಹದಿನಾರು ವರ್ಷ

ಫ್ರಾಯ್ಡ್ ಅವರಿಗೆ ಮುಂದಿನದು ಸುಲಭದ ಬದುಕಾಗಿರಲಿಲ್ಲ. ಬಾಯಿಯೊಳಗಿನ ಕೃತಕ ಅಂಗುಳ ದೊಡ್ಡ ಹಲ್ಲಿನ ಸೆಟ್ಟಿನಂತಿತ್ತು. ಹಾಕಿದರೆ ಒತ್ತಿ ಹುಣ್ಣಾಗುತ್ತಿತ್ತು, ಹಾಕದಿದ್ದರೆ ಮಾತೂ ಇಲ್ಲ, ಊಟವೂ ಇಲ್ಲ. ಮನೆಯಲ್ಲಿ ಅದನ್ನು ರಾಕ್ಷಸ ಎಂದೇ ಕರೆಯುತ್ತಿದ್ದರು. ತೆಗೆದು ಹಾಕಲು ಅನ್ನಾ ನೆರವಾಗುತ್ತಿದ್ದರು. ಬಲಗಿವಿ ಕೇಳದಂತಾಯಿತು. ರೋಗಿಗಳ ಮಾತು ಎಡಗಿವಿಗೆ ಬೀಳುವಂತೆ ತಾವು ಕೂರುವ ಜಾಗ ಬದಲಿಸಿಕೊಂಡು ಕೆಲಸ ಮುಂದುವರಿಸಿದರು. ಒಟ್ಟು 30ಕ್ಕೂ ಹೆಚ್ಚು ಆಪರೇಷನ್‌ಗಳಾದವು. ಪ್ರತಿ ಭೇಟಿಯ ವಿವರವನ್ನೂ ಪಿಕ್ಲರ್ ಬರೆದಿಟ್ಟರು. 1930ರಲ್ಲಿ ಗಯಟೆ ಪ್ರಶಸ್ತಿ ಬಂದಾಗ ಅಪ್ಪನ ಪರವಾಗಿ ಅನ್ನಾ ಹೋಗಿ ಪಡೆದರು.

ಕಷ್ಟದಲ್ಲಿ ಎಂಥ ಬುದ್ಧಿವಂತರೂ ಪವಾಡಕ್ಕೆ ಕೈಚಾಚುತ್ತಾರೆ ಎಂಬುದಕ್ಕೂ ಫ್ರಾಯ್ಡ್ ಸಾಕ್ಷಿ. 1923ರ ನವೆಂಬರ್‌ನಲ್ಲೇ ಅವರು ಸ್ಟೈನಾಖ್ ಆಪರೇಷನ್ ಎಂಬುದನ್ನು ಮಾಡಿಸಿಕೊಂಡರು. ವೀರ್ಯನಾಳ ಕಟ್ಟಿದರೆ ಯೌವನ ಮರಳುತ್ತದೆ, ಕ್ಯಾನ್ಸರ್ ಮತ್ತೆ ಬರುವುದನ್ನೂ ತಡೆಯುತ್ತದೆ ಎಂಬ ನಂಬಿಕೆ ಆಗ ವಿಯೆನ್ನಾದಲ್ಲಿ ಜೋರಾಗಿತ್ತು. ಅದರಿಂದ ಏನೂ ಪ್ರಯೋಜನವಾಗಲಿಲ್ಲ. ಇಂಥ ಉಪಾಯಗಳನ್ನು ಇಂದು ಫಾರ್ವರ್ಡ್ ಮಾಡುವವರನ್ನು ನೋಡಿ ನಗುವ ಮುಂಚೆ ಇದನ್ನು ನೆನೆಯಬೇಕು. ಸಿಗಾರನ್ನೂ ಅವರು ಪೂರ್ತಿ ಬಿಡಲಿಲ್ಲ. ಅದರ ಹೊಗೆ ತಾಗುತ್ತಿದ್ದ ಬಾಯಿಯೊಳಗೆ ಕೆಟ್ಟ ಮಚ್ಚೆಗಳು ಮತ್ತೆ ಮತ್ತೆ ಹುಟ್ಟುತ್ತಿದ್ದವು, ಪಿಕ್ಲರ್ ತೆಗೆಯುತ್ತಲೇ ಇದ್ದರು.

ಆದರೆ ಒಂದು ಪಾಠವನ್ನು ಅವರು ಮರೆಯಲಿಲ್ಲ. 1929ರಲ್ಲಿ ಮ್ಯಾಕ್ಸ್ ಷೂರ್ ಎಂಬ ಯುವ ವೈದ್ಯರನ್ನು ತಮ್ಮ ಡಾಕ್ಟರಾಗಿ ಒಪ್ಪಿಕೊಳ್ಳುವ ಮುಂಚೆ, ಮೊದಲ ಭೇಟಿಯಲ್ಲೇ ಷರತ್ತು ಹಾಕಿದರು. ಯಾವಾಗಲೂ ತನಗೆ ಸತ್ಯವನ್ನೇ ಹೇಳಬೇಕು, ಕೊನೆಗಾಲದಲ್ಲಿ ವ್ಯರ್ಥವಾಗಿ ನರಳಲು ಬಿಡಬಾರದು. ಷೂರ್ ಒಪ್ಪಿದರು. ಆರು ವರ್ಷದ ಹಿಂದೆ ಕೇಳದೆ ಉಳಿದಿದ್ದ ಮಾತನ್ನು ಈ ಸಲ ಕೇಳಿಯೇ ಮುಂದೆ ಹೋದರು.

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದರು. ಯಹೂದಿಯಾಗಿದ್ದ ಫ್ರಾಯ್ಡ್, 82ನೇ ವಯಸ್ಸಿನಲ್ಲಿ, ಜೂನ್ 4ರಂದು ಊರು ಬಿಟ್ಟು ಲಂಡನ್ ಸೇರಿದರು. ಆ ಸೆಪ್ಟೆಂಬರ್‌ನಲ್ಲಿ ಪಿಕ್ಲರ್ ವಿಯೆನ್ನಾದಿಂದ ಲಂಡನ್ನಿಗೆ ಬಂದು ತಮ್ಮ ಹಳೆಯ ರೋಗಿಗೆ ಮತ್ತೊಂದು ದೊಡ್ಡ ಆಪರೇಷನ್ ಮಾಡಿದರು. ಡಿಸೆಂಬರ್‌ನಲ್ಲಿ ಬಿಬಿಸಿ ಫ್ರಾಯ್ಡ್ ಅವರ ದನಿಯನ್ನು ಮುದ್ರಿಸಿಕೊಂಡಿತು. ಇಂದಿಗೂ ಅದು ಅಂತರ್ಜಾಲದಲ್ಲಿ ಸಿಗುತ್ತದೆ. ಕೇಳಿದರೆ, ಕೃತಕ ಅಂಗುಳದೊಡನೆ ಹೆಣಗುತ್ತಾ ಒಂದೊಂದೇ ಪದವನ್ನು ಹೊರತರುವ ಮುದುಕರೊಬ್ಬರ ದನಿ ಅದು.

1939ರಲ್ಲಿ ಗಡ್ಡೆ ಮತ್ತೆ ಬಂತು, ಈ ಸಲ ಆಪರೇಷನ್ ಮಾಡಲಾಗದ ಜಾಗದಲ್ಲಿ. ನೋವು ಮಿತಿಮೀರಿದಾಗ ಫ್ರಾಯ್ಡ್ ಷೂರ್ ಅವರಿಗೆ ಹಳೆಯ ಮಾತನ್ನು ನೆನಪಿಸಿದರು, ಅನ್ನಾಗೂ ತಿಳಿಸುವಂತೆ ಹೇಳಿದರು. ಷೂರ್ ಮಾರ್ಫಿನ್ ಕೊಟ್ಟರು. ಸೆಪ್ಟೆಂಬರ್ 23ರಂದು, 83ನೇ ವಯಸ್ಸಿನಲ್ಲಿ, ಫ್ರಾಯ್ಡ್ ತೀರಿಕೊಂಡರು. ಏಪ್ರಿಲ್ 1923ರಂತಲ್ಲದೆ, ಈ ಸಲ ಮನೆಯವರು ಜೊತೆಗಿದ್ದರು, ಅವರಿಂದ ಏನನ್ನೂ ಯಾರೂ ಮುಚ್ಚಿಟ್ಟಿರಲಿಲ್ಲ.

ಒಬ್ಬನೇ ಮನುಷ್ಯ, ಒಂದೇ ಕಾಯಿಲೆ, ಒಂದೇ ವರ್ಷ, ಎರಡು ಮೊದಲ ಭೇಟಿಗಳು. ಒಂದು ಅವರನ್ನು ಅಡುಗೆಮನೆಯ ಕುರ್ಚಿಯ ಮೇಲೆ ರಕ್ತದಲ್ಲಿ ಕೂರಿಸಿತು. ಇನ್ನೊಂದು ಹದಿನಾರು ವರ್ಷ ಕೊಟ್ಟಿತು. ಮುಂದಿನ ವಾರ ನಿಮ್ಮ ಮನೆಯವರೊಬ್ಬರು ಓರಲ್ ಸರ್ಜನ್ ಬಳಿ ಹೋಗುವವರಿದ್ದರೆ, ಕಣ್ಣು ಹೋಗುವ ಮೆಸೇಜಿನ ಬದಲು ಇದನ್ನು ಕಳಿಸಿ. ಸಾಧ್ಯವಾದರೆ, ನೀವೂ ಜೊತೆಗೆ ಹೋಗಿ.